ಪಂಪಿನ ಮೇಲೊಂದು ವಿಭೂತಿ ಗೆರೆ

ದಿಲ್‌ಸುಖ್‌ನಗರದ ಸೂಗಪ್ಪ ತನ್ನ ಹಳೆಯ ಟರ್ಬೊ ಕಾರಿನ ಡೀಸೆಲ್ ಪಂಪನ್ನು ತಾನೇ ಸರಿಮಾಡುತ್ತೇನೆಂದು ಪಣ ತೊಟ್ಟದ್ದು ಒಂದು ಟ್ರ್ಯಾಕ್ಟರಿನಿಂದಾಗಿ. ಕಳೆದ ಸಲ ಜಹೀರಾಬಾದಿಗೆ ಹೋಗುವಾಗ ಏರಿನಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಅವನ ಕಾರನ್ನು ಹಿಂದೆ ಹಾಕಿತ್ತು. ಅದೂ ಹೋಗಲಿ, ಟ್ರ್ಯಾಕ್ಟರಿನ ಮೇಲೆ ಕೂತವನು ಒಂದು ತುಂಡು ಕಬ್ಬು ಮುರಿದು ಕಿಟಕಿಯೊಳಗೆ ಕೊಟ್ಟು ಮುಂದೆ ಹೋಗಿದ್ದ. ಹೆಂಡತಿ ಗುರುದೇವಿ ಇದನ್ನು ತವರಿನಲ್ಲಿ ಹೇಳದೆ ಇರುತ್ತಾಳೆಯೆ? ಅವಳ ತಮ್ಮ ಗುರುಶಾಂತ ಅಂದಿನಿಂದ ಫೋನ್ ಮಾಡಿದಾಗಲೆಲ್ಲ, "ಮಾವಾರು ಕಬ್ಬು ತಿಂದ್ರೇನು?" ಎಂದೇ ಮಾತು ಶುರು ಮಾಡುತ್ತಿದ್ದ.

ಈಗ ಅದೇ ಗುರುಶಾಂತ ಜಹೀರಾಬಾದಿನಲ್ಲಿ ಹೊಸ ಮನೆ ಕಟ್ಟಿಸಿದ್ದ. ಭಾನುವಾರ ಹೊತ್ತೇರುವ ಮೊದಲೇ ಗೃಹಪ್ರವೇಶ. ಅಕ್ಕ ಆರತಿ ಎತ್ತದೆ ತಮ್ಮ ಹೊಸ್ತಿಲು ದಾಟುವಂತಿಲ್ಲ.

"ಟ್ಯಾಕ್ಸಿ ಹೇಳ್ರಿ," ಎಂದಳು ಗುರುದೇವಿ. "ಮುಹೂರ್ತ ತಪ್ಪಿತಂದ್ರ ನನ್ನ ತಮ್ಮ ಬಾಗಲದಾಗ ನಿಂತಿರತಾನ."

"ಮನಿ ಮುಂದ ಗಾಡಿ ಇಟ್ಕೊಂಡು ಟ್ಯಾಕ್ಸಿ ಹೇಳಬೇಕೇನು? ಪಂಪಿನ ಹಿಂದ ಒಂದು ಸ್ಕ್ರೂ ಐತಿ. ಬಲಕ್ಕ ತಿರುವಿದರ ಇಂಜಿನ್ನಿಗೆ ಡೀಸೆಲ್ ಜಾಸ್ತಿ, ಡೀಸೆಲ್ ಜಾಸ್ತಿ ಆದರ ದಮ್ಮು ಜಾಸ್ತಿ. ಇಷ್ಟ."

"ಇಷ್ಟ ಇದ್ದರ ಮಿಸ್ತ್ರಿ ಕಡೆ ಒಯ್ಯರಿ."

"ನಾ ಏನು ಕೆಲಸ ಮಾಡತೀನಂತ ಮರತಿಯೇನು?"

ಮರೆಯಲು ಅವನು ಬಿಟ್ಟರೆ ತಾನೆ? ಸೂಗಪ್ಪ ರಕ್ಷಣಾ ಕಾರ್ಖಾನೆಯೊಂದರಲ್ಲಿ ತಪಾಸಣೆಯವನು. ಬಿಗಿದ ಪ್ರತಿ ನಟ್ಟಿನಿಂದ ಅದರ ಪಕ್ಕದ ಲೋಹದವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯುವುದು ಅವನ ಉದ್ಯೋಗ. ನಟ್ಟು ಕದಲಿದರೆ ಗೆರೆ ಮುರಿಯುತ್ತದೆ. ಗೆರೆ ಕೂಡಿಸಿದರೆ ನಟ್ಟು ಮೊದಲಿನ ಜಾಗಕ್ಕೆ ಬರುತ್ತದೆ. ಅರ್ಧ ಆಯುಸ್ಸು ಗೆರೆ ಎಳೆದು ಎಳೆದು, ದೇಶದ ಗಡಿರೇಖೆಯನ್ನು ಎಳೆದವನೇ ತಾನು ಎನ್ನುವಷ್ಟು ಠೀವಿ ಅವನಿಗೆ ಬಂದುಬಿಟ್ಟಿತ್ತು.

ಶನಿವಾರ ಮಧ್ಯಾಹ್ನ ಬಾನೆಟ್ ಎತ್ತಿದ. ಸ್ಕ್ರೂ ಮುಟ್ಟುವ ಮೊದಲು ಗೆರೆ ಬೇಕು, ಆದರೆ ಮನೆಯಲ್ಲಿದ್ದ ಬಿಳಿ ಬಣ್ಣದ ಡಬ್ಬಿ ಒಣಗಿ ಕಲ್ಲಾಗಿತ್ತು. ಜಾಣನಿಗೆ ದಾರಿ ಒಂದೇ ಏನು? ದೇವರ ಜಗುಲಿಯಿಂದ ವಿಭೂತಿ ಗಟ್ಟಿ ತಂದ, ನೀರಿನಲ್ಲಿ ತೇಯ್ದ, ಊದಿನಕಡ್ಡಿಯ ತುದಿಯಿಂದ ಸ್ಕ್ರೂವಿನಿಂದ ಪಂಪಿನ ಮೈವರೆಗೆ ನೆಟ್ಟಗೆ ಒಂದು ಗೆರೆ ಎಳೆದ. ಕಾರ್ಖಾನೆಯಲ್ಲೂ ಅಷ್ಟು ಚೆಂದದ ಗೆರೆ ಅವನ ಕೈಯಿಂದ ಬಂದಿರಲಿಲ್ಲ.

ಆಮೇಲೆ ತಿರುವಿದ್ದೇ ತಿರುವಿದ್ದು. ಸ್ವಲ್ಪ ಬಲಕ್ಕೆ, ಗಲ್ಲಿಯಲ್ಲಿ ಒಂದು ಸುತ್ತು. ಇನ್ನಷ್ಟು ಬಲಕ್ಕೆ, ಮತ್ತೊಂದು ಸುತ್ತು. ತುಸು ಎಡಕ್ಕೆ, ಮತ್ತೆ ಬಲಕ್ಕೆ. ಎಷ್ಟು ತಿರುವಿದೆನೆಂದು ಲೆಕ್ಕ ಇಡಲಿಲ್ಲ. ಗೆರೆ ಇರುವಾಗ ಲೆಕ್ಕ ಯಾಕೆ? ಸಂಜೆಗೆ ಕಾರು ಗೂಳಿಯಂತೆ ನುಗ್ಗುತ್ತಿತ್ತು. ಜೊತೆಗೆ ಕರಿ ಹೊಗೆಯನ್ನೂ ಉಗುಳುತ್ತಿತ್ತು. ಬೆಳಿಗ್ಗೆ ಎದ್ದು ಗೆರೆ ಕೂಡಿಸಿ, ಅಲ್ಲಿಂದ ಒಂದು ಚೂರು ಮಾತ್ರ ಬಲಕ್ಕೆ ಕೊಟ್ಟರೆ ಎಲ್ಲ ಸರಿ ಎಂದುಕೊಂಡು, ಇಂಜಿನ್ ಆರಲೆಂದು ಬಾನೆಟ್ ತೆರೆದಿಟ್ಟೇ ಒಳಗೆ ಹೋದ.

ಬೆಳಿಗ್ಗೆ ಸ್ಕ್ರೂ ತಿರುವಲು ಪಾನಾ ಹಿಡಿದು ಬಂದು ನೋಡುತ್ತಾನೆ: ಬಂಪರಿಗೆ ಚೆಂಡುಹೂವಿನ ಹಾರ, ಗಾಲಿಯಡಿ ನಿಂಬೆಹಣ್ಣು. ಪಂಪಿನ ಮೇಲೆ ಸಾಲಾಗಿ ಮೂರು ಗೆರೆ, ನಡುವೆ ಕುಂಕುಮ.

"ಇಲ್ಲಿ ಒಂದು ಗೆರಿ ಇತ್ತಲ್ಲ?" ಸೂಗಪ್ಪನ ದನಿ ಬಾವಿಯೊಳಗಿಂದ ಬಂದಂತಿತ್ತು.

"ಇತ್ತು. ಎಂದೂ ಇಲ್ಲದ ಭಕ್ತಿ ಇವತ್ತ ಬಂತಲ್ಲ ನಿಮಗಂತ ಭಾಳ ಖುಷಿ ಆತು," ಎಂದಳು ಗುರುದೇವಿ. "ಆದರ ಒಂದ ಗೆರಿ ವಿಭೂತಿ ಯಾರರೆ ಹಚ್ಚತಾರೇನ್ರಿ? ಒದ್ದಿ ಅರಿವಿಲೆ ಚೊಕ್ಕ ಒರಸಿ ಮೂರೂ ಎಳದೀನಿ. ದೇವರ ಕೆಲಸ ಅರ್ಧಾ ಬಿಡಬಾರದು."

ಮೂರೂ ಗೆರೆಗಳು ಸ್ಕ್ರೂವಿನಿಂದ ಪಂಪಿನವರೆಗೆ ಎಲ್ಲೂ ಮುರಿಯದೆ ಕೂಡಿದ್ದವು. ಕಾರ್ಖಾನೆಯ ನಿಯಮದ ಪ್ರಕಾರ ಆ ಸ್ಕ್ರೂ ಹುಟ್ಟಿದಾಗಿನಿಂದ ಕದಲಿಯೇ ಇಲ್ಲ! ನಿಜ ಹೇಳಿದರೆ ಭಕ್ತಿಯೂ ಹೋಗುತ್ತದೆ, ಟ್ಯಾಕ್ಸಿಯ ಮಾತೂ ಬರುತ್ತದೆ. ಸೂಗಪ್ಪ ಅಂದಾಜಿನ ಮೇಲೆ ಎಡಕ್ಕೆ ತಿರುವಿದ. ಇಂಜಿನ್ ಶುರುವಾಗಲೇ ಇಲ್ಲ. ಬಲಕ್ಕೆ ತಿರುವಿದ, ಶುರುವಾಯಿತು. ಧೈರ್ಯಕ್ಕಿರಲಿ ಎಂದು ಇನ್ನೂ ಒಂದಿಷ್ಟು ಬಲಕ್ಕೆ ಕೊಟ್ಟ.

ಹೆದ್ದಾರಿಯಲ್ಲಿ ಕಾರು ಓಡಿತು ಎನ್ನುವುದಕ್ಕಿಂತ ಹಾರಿತು ಎನ್ನಬೇಕು. ಹಿಂದಿನ ಸಲದ ಏರನ್ನು ಸೂಗಪ್ಪ ಸಿಳ್ಳೆ ಹಾಕುತ್ತಲೇ ಹತ್ತಿದ. ಲಾರಿ, ಬಸ್ಸು, ಟ್ರ್ಯಾಕ್ಟರು ಯಾವುದನ್ನೂ ಬಿಡದೆ ಹಿಂದೆ ಹಾಕಿದ. ಬೆಳಗಿನ ಅಳುಕೆಲ್ಲ ಎಲ್ಲೋ ಹೋಗಿತ್ತು.

"ಕನ್ನಡ್ಯಾಗ ನೋಡು. ನಮ್ಮ ಹಿಂದ ಒಂದ ಗಾಡಿ ಇಲ್ಲ."

ಮಡಿಲಲ್ಲಿ ಆರತಿ ತಟ್ಟೆ ಇಟ್ಟುಕೊಂಡಿದ್ದ ಗುರುದೇವಿ ತಿರುಗಿ ನೋಡಿದಳು. "ಗಾಡಿ ಅದಾವ್ರಿ. ಹೊಗ್ಯಾಗ ಕಾಣವಲ್ಲವು."

ಮುಹೂರ್ತಕ್ಕೆ ಮೊದಲೇ ತಲುಪಿದರು. ಹಾಲಿನಂಥ ಬಿಳಿ ಗೋಡೆಯ ಮನೆ. ಬಾಗಿಲ ಮುಂದೆ ಗುರುಶಾಂತ ಹೆಂಡತಿಯೊಂದಿಗೆ ಅಕ್ಕನ ದಾರಿ ಕಾಯುತ್ತಿದ್ದ. ಗುರುದೇವಿ ಇಳಿದು ದೀಪ ಹಚ್ಚಿಕೊಳ್ಳುವಷ್ಟರಲ್ಲಿ ಸೂಗಪ್ಪ ಕಾರನ್ನು ತಿರುಗಿಸಿ, ಹಿಂಭಾಗವನ್ನು ಗೋಡೆಗೆ ಮಾಡಿ ನಿಲ್ಲಿಸಿದ. ಅಲ್ಲಿಗೇ ಬಿಟ್ಟಿದ್ದರೆ ಅವನು ಅಂದು ಗೆದ್ದವನು. ಆದರೆ ಕಬ್ಬಿನ ಮಾತು ಮನಸ್ಸಿನಲ್ಲಿ ಕುಟುಕುತ್ತಿತ್ತಲ್ಲ?

"ಗುರುಶಾಂತ, ಇಂಜಿನ್ನಿನ ಆವಾಜ್ ಕೇಳು," ಎಂದವನೇ ಆಕ್ಸಿಲರೇಟರನ್ನು ಪೂರ್ತಿ ಒತ್ತಿದ.

ಹಾಡು ಹೇಳುತ್ತಿದ್ದ ಹೆಂಗಸರು ಹಾಡು ಬಿಟ್ಟು ಕೆಮ್ಮತೊಡಗಿದರು. ಕರಿ ಮೋಡದೊಳಗೆ ಎರಡು ದೀಪ ಮಾತ್ರ ಮಿಣುಕುತ್ತಿದ್ದವು. ಗುರುದೇವಿ ತಮ್ಮನ ಮುಖ ಎಲ್ಲಿರಬಹುದೆಂದು ಅಂದಾಜು ಮಾಡಿ, ಅತ್ತ ಕಡೆ ಆರತಿ ಎತ್ತಿ ಮುಗಿಸಿದಳು. ಹೊಗೆ ಕರಗಿದಾಗ ಮುಂದಿನ ಗೋಡೆ ಹಂಚಿನ ತಳದ ಹಾಗೆ ಕಂಡಿತು.

ಗುರುಶಾಂತ ಮೂಗು ಒರೆಸಿಕೊಂಡು ಹೇಳಿದ: "ದೃಷ್ಟಿ ಆಗಬಾರದಂತ ಬೂದಗುಂಬಳಕಾಯಿ ಕಟ್ಟಿದ್ದೆ, ಮಾವಾರ. ಈಗ ಅದನ್ನ ಬಿಚ್ಚಿ ಸಾರು ಮಾಡಿಸಬಹುದು."

ಊಟವಾದ ಮೇಲೆ ಅವನೇ ಬಿಳಿ ಬಣ್ಣ ತುಂಬಿದ ಬಕೆಟ್ಟು, ಬ್ರಶ್ಶು ತಂದು ಮಾವನ ಮುಂದಿಟ್ಟ. ಸೂಗಪ್ಪ ಅಂಗಿಯ ತೋಳು ಮಡಚಿ, ಬ್ರಶ್ಶು ಅದ್ದಿ, ಕರಿ ಗೋಡೆಯ ಮೇಲೆ ನೆಟ್ಟಗೆ ಒಂದು ಗೆರೆ ಎಳೆದ. ರೂಢಿ ಎಲ್ಲಿ ಬಿಡುತ್ತದೆ? ಗೆರೆ ಸರಿಯಾಗಿ ಬಂದಿದೆಯೇ ಎಂದು ಒಂದು ಹೆಜ್ಜೆ ಹಿಂದೆ ಸರಿದು ನೋಡುತ್ತ ನಿಂತ.

ಹಿಂದಿನಿಂದ ಗುರುದೇವಿ ಹೇಳಿದಳು: "ಒಂದಕ್ಕ ನಿಂತರ ಹ್ಯಾಂಗ್ರಿ? ಇನ್ನೆರಡು ಎಳೀರಿ."