ನುಂಗಬಾರದ ಮಾತ್ರೆ

ಇದನ್ನು ಬರೆಯಲು ಪೆನ್ನು ಹಿಡಿದ ಕೂಡಲೇ ಗಂಡ ಕೆಳಗಿನಿಂದ ಮತ್ತೆ ಕರೆದರು. ಹೊಟೇಲಿನಲ್ಲಿ ಚಟ್ನಿ ಮುಗಿದಿದೆಯಂತೆ. ಕನ್ನಡ ನಡೆಯದ ಈ ಮಣಿನಗರದಲ್ಲಿ ನಮ್ಮದು ಉಡುಪಿ ಹೊಟೇಲು, ಅದರ ಮಾಳಿಗೆಯಲ್ಲೇ ಮನೆ. ಇಲ್ಲಿ ಚಟ್ನಿಗೆ ಅವಸರ, ಸಾಂಬಾರಿಗೆ ಅವಸರ. ಹೆಂಗಸಿನ ತುರಿಕೆ ಒಂದೇ ಕಾಯಬಹುದು. ತುರಿಕೆ ಎಲ್ಲಿ ಅಂದರೆ ಯೋನಿಯಲ್ಲಿ. ಎಲ್ಲರೂ ‘ಆ ಜಾಗ’ ಅನ್ನುತ್ತಾರೆ, ಹರಾಜಿಗಿಟ್ಟ ಸೈಟಿನ ಹಾಗೆ. ಮಗು ಹುಟ್ಟಿದ ಮೇಲೆ ಶುರುವಾದ ಆ ಉರಿಗೆ ಮದ್ದು ಹುಡುಕಲು ಹೊರಟವಳಿಗೆ ಆದದ್ದೆಲ್ಲ ಹೀಗೇ.

ಎಲ್ಲರ ಟ್ಯೂಬು

ಮೊದಲು ಗಂಡನಿಗೆ ಹೇಳಿದೆ.

“ತುರಿಕೆ ಅಲ್ವಾ? ಮದ್ದು ಇಲ್ಲೇ ಉಂಟು” ಎಂದು ಹೊಟೇಲಿನ ಅಡುಗೆಮನೆಯಿಂದ ಒಂದು ಟ್ಯೂಬು ತಂದುಕೊಟ್ಟರು. ದೋಸೆಕಲ್ಲಿನ ಮುಂದೆ ಬೆವರುವ ಭಟ್ಟರು ತೊಡೆಸಂದಿಯ ಗಜಕರ್ಣಕ್ಕೆ ಹಚ್ಚುವ ಕ್ರೀಮು. ಮೊದಲು ತಂಪೆನಿಸಿತು, ಆಮೇಲೆ ಉರಿ ಇನ್ನೂ ಜಾಸ್ತಿಯಾಯಿತು.

“ಭಟ್ಟರಿಗೆ ಗುಣ ಆಯ್ತಲ್ಲ ಮಾರಾಯ್ತಿ” ಎಂದರು.

ಭಟ್ಟರಿಗೆ ಹೆರಿಗೆಯೂ ಆಗಿದ್ದರೆ ನಾನು ಒಪ್ಪುತ್ತಿದ್ದೆ.

ಮರ್ಯಾದಸ್ಥ ಅಂಗಡಿ

ಮೆಡಿಕಲ್ ಶಾಪಿನವರು ದಿನಾ ನಮ್ಮಲ್ಲಿ ಇಡ್ಲಿ ತಿನ್ನುವವರು. ಅರ್ಧಂಬರ್ಧ ಹಿಂದಿಯಲ್ಲಿ ವಿಷಯ ಹೇಳಿದೆ. ಆ ಮನುಷ್ಯ ಸೂರು ನೋಡಿದರು. ಯಾರೂ ಓದಬಾರದೆಂದು ಡಬ್ಬಿ, ಒಳಗಿನ ಕಾಗದ ಎಲ್ಲ ಬಿಸಾಡಿ, ಮಾತ್ರೆಗಳನ್ನು ಮಾತ್ರ ಪೇಪರಿನಲ್ಲಿ ಸುತ್ತಿ ಕೊಟ್ಟರು.

“ರಾತ್ರಿ ಒಂದು, ಬೆನ್.” ಬೆನ್ ಅಂದರೆ ಇಲ್ಲಿಯವರ ಬಾಯಲ್ಲಿ ಅಕ್ಕ.

“ಹೇಗೆ ತೆಗೆದುಕೊಳ್ಳಬೇಕು?”

“ಸೇಠ್‌ನ ಕಳಿಸಿ, ಅವರಿಗೆ ಹೇಳ್ತೇನೆ.”

ಸೇಠ್ ಅಂದರೆ ನನ್ನ ಗಂಡ. ಅವರು ಗಲ್ಲಾಪೆಟ್ಟಿಗೆ ಬಿಟ್ಟು ಏಳಲಿಲ್ಲ. ಹತ್ತನೇ ಕ್ಲಾಸಿನಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ನಮ್ಮ ಟೀಚರೂ ‘ಮನೆಯಲ್ಲಿ ಓದಿಕೊಳ್ಳಿ’ ಎಂದಿದ್ದರು. ನಾನು ಮಾತ್ರೆಯನ್ನು ನೀರು ಕುಡಿದು ನುಂಗಿದೆ. ಗಂಟಲಲ್ಲಿ ಸಿಕ್ಕಿಕೊಂಡು ಜೀವ ಹೋಗುವಂತಾಯಿತು. ತುರಿಕೆ ಮಾತ್ರ ಹೋಗಲಿಲ್ಲ.

ಲೇಡಿ ಡಾಕ್ಟರು

“ಯೋನಿಯೊಳಗೆ ಇಡುವ ಮಾತ್ರೆ ಇದು. ನುಂಗಲು ಯಾರು ಹೇಳಿದ್ದು?”

“ಯಾರೂ ಹೇಳಲಿಲ್ಲ.”

“ಮತ್ತೆ?”

“ಅದೇ ಡಾಕ್ಟ್ರೇ, ಯಾರೂ ಹೇಳಲಿಲ್ಲ.”

ಪರೀಕ್ಷೆ ಮಾಡಿ, ಇದು ಫಂಗಸ್ ಎಂದರು. ಭಟ್ಟರ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇದೆ, ಮುಟ್ಟಲೇಬೇಡಿ ಎಂದರು. “ಒಳಗೆ ಹಾಕುವ ಕ್ರೀಮೂ ಇದೆ, ಮಾತ್ರೆಯೂ ಇದೆ. ಎರಡರಿಂದಲೂ ಗುಣವಾಗುತ್ತದೆ. ನಿಮಗೆ ಯಾವುದು ಅನುಕೂಲ?”

ನನಗೆ ಯಾವುದು ಅನುಕೂಲ ಎಂದು ಮದುವೆಯಾದ ಮೇಲೆ ಯಾರೂ ಕೇಳಿರಲಿಲ್ಲ. ಗಾಬರಿಯಾಯಿತು. ಮಾತ್ರೆಯೇ ಸಾಕು ಎಂದೆ. ಕ್ರೀಮು ತಂದಿಟ್ಟರೆ ಭಟ್ಟರು ಹಚ್ಚಿಕೊಂಡಾರು.

ಒಬ್ಬರು

ನನಗೆ ಗುಣವಾಯಿತು. ಒಂದು ಮಧ್ಯಾಹ್ನ ಮಗುವಿನ ಬಟ್ಟೆ ಮಡಚುತ್ತಿದ್ದೆ. ಅತ್ತೆ ಒಳಗೆ ಬಂದು ಬಾಗಿಲು ಹಾಕಿದರು.

“ಆ ಮಾತ್ರೆ ಉಳಿದಿದೆಯಾ? ಒಬ್ಬರಿಗೆ ಬೇಕಿತ್ತು.”

“ಒಬ್ಬರು ಡಾಕ್ಟರ ಹತ್ತಿರ ಹೋಗಲಿ ಅತ್ತೆ.”

“ಅವರು ಹೋಗುವ ಜನ ಅಲ್ಲ.” ಬಾಗಿಲಿನ ಚಿಲಕ ಮತ್ತೊಮ್ಮೆ ನೋಡಿ, “ಅದು ಪ್ಯೂರ್ ವೆಜ್ಜಾ?” ಎಂದರು.

“ತಿನ್ನುವುದಲ್ಲ ಅತ್ತೆ.”

“ಆದರೂ ಮೈಯೊಳಗೆ ಹೋಗ್ತದಲ್ಲ.”

ನಗು ತಡೆದುಕೊಂಡು, ಆ ಒಬ್ಬರಿಗೆ ಎಷ್ಟು ಸಮಯದಿಂದ ಈ ತೊಂದರೆ ಎಂದು ಕೇಳಿದೆ.

“ನಿನ್ನ ಗಂಡ ಹುಟ್ಟಿದಾಗಿನಿಂದ, ಬಿಟ್ಟು ಬಿಟ್ಟು.”

ನಗು ಅಲ್ಲೇ ನಿಂತಿತು. “ಇಷ್ಟು ವರ್ಷ ಯಾರಿಗೂ ಹೇಳಲೇ ಇಲ್ಲವಾ ನೀವು?”

ಅತ್ತೆ ಮಗುವಿನ ಅಂಗಿಯೊಂದನ್ನು ತೊಡೆಯ ಮೇಲೆ ಹರಡಿ ಮಡಚತೊಡಗಿದರು.

“ಯಾರಿಗೆ ಹೇಳಬೇಕಿತ್ತು, ನೀನೇ ಹೇಳು?”