ಅಡಿಗೆ ಮನೆಯಲ್ಲಿ ಟವರ್ ಸಿಗುತ್ತಾ?

ಹೆಣ್ಣಿಗೆ ಗಂಡು ಗೊತ್ತು ಮಾಡುವಾಗ ಲೋಕದವರು ಜಾತಕ ನೋಡುತ್ತಾರೆ, ಹೊಲ ನೋಡುತ್ತಾರೆ, ಹುಡುಗ ಕುಡಿಯುತ್ತಾನಾ ಅಂತ ಪಕ್ಕದ ಮನೆಯವರನ್ನು ವಿಚಾರಿಸುತ್ತಾರೆ. ನನ್ನ ತಮ್ಮ ಟವರ್ ನೋಡುತ್ತಾನೆ. ಇಂಥವನೊಬ್ಬ ನಿಮ್ಮ ಮನೆಯಲ್ಲೂ ಇದ್ದರೆ ಹೇಳಿ, ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಚಿಲಕ ಹಾಕಿಕೊಂಡು ಬರೋಣ.

ಅವನು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು. ನಾನು ಮದುವೆಯಾಗಿ ಚಳ್ಳಕೆರೆಗೆ ಬಂದವಳು, ಇಲ್ಲೇ ಮುದುಕಿಯಾದೆ. ಅವನ ಜೇಬಿನಲ್ಲಿ ಯಾವಾಗಲೂ ಮೂರು ಫೋನು. ಮೂರೂ ಹಳೆಯವು, ನೋಡಲು ಒಂದೇ ಥರ, ಒಳಗಿನ ಸಿಮ್ಮು ಮಾತ್ರ ಮೂರು ಕಂಪನಿಯದು. ಗುರುತಿಗೆ ಇರಲಿ ಅಂತ ಮಗ್ಗದಲ್ಲಿ ಉಳಿದ ದಾರ ಕಟ್ಟಿದ್ದಾನೆ: ಒಂದಕ್ಕೆ ಹಳದಿ, ಒಂದಕ್ಕೆ ಹಸಿರು, ಒಂದಕ್ಕೆ ಬಿಳಿ. ಕಂಪನಿಗಳ ಹೆಸರನ್ನು ಅವನು ಹೇಳುವುದೇ ಇಲ್ಲ. "ಹಳದಿ ರೇಟ್ ಏರೈತೆ, ಬಿಳಿ ಹಂಗೇ ಐತೆ" ಎನ್ನುತ್ತಾನೆ. ಹೊಸಬರು ರೇಷ್ಮೆಯ ಬೆಲೆ ಅಂದುಕೊಂಡು ತಲೆಯಾಡಿಸುತ್ತಾರೆ.

ಚಳ್ಳಕೆರೆಗೆ ಬಂದರೆ ಮೊದಲು ಬಸ್ ಸ್ಟ್ಯಾಂಡ್ ಹತ್ತಿರದ ರೀಚಾರ್ಜ್ ಅಂಗಡಿ, ಆಮೇಲೆ ಅಕ್ಕನ ಮನೆ. ಅಂಗಡಿಯ ಸಾಬರು ತಾಳ್ಮೆಯವರು. ಬೇರೆಯವರಾಗಿದ್ದರೆ ಯಾವತ್ತೋ ಶಟರ್ ಎಳೆಯುತ್ತಿದ್ದರು. ಒಂದು ಸಲ ನಾನೂ ಜೊತೆಗಿದ್ದೆ.

"ಸಾಬ್ರೇ, ಅನ್‌ಲಿಮಿಟೆಡ್ ಅಂತೀರಲ್ಲ, ಎಲ್ಲಿವರ್ಗೂ?"

"ಅರೆ ಯಜಮಾನ್ರೇ, ಎಲ್ಲಿವರ್ಗೂ ಅಂತ ಇದ್ರೆ ಅದು ಅನ್‌ಲಿಮಿಟೆಡ್ ಹೆಂಗಾಗ್ತದೆ? ಎಷ್ಟು ಬೇಕಾದ್ರೂ ಮಾತಾಡಿ."

"ಮೂರು ಕಂಪನೀಲೂನಾ?"

"ಮೂರರಲ್ಲೂ."

"ಮತ್ತೆ ರೇಟ್ ಯಾಕೆ ಬ್ಯಾರೆ ಬ್ಯಾರೆ?"

"ನೆಟ್ಟು, ಮೆಸೇಜು ಎಲ್ಲಾ ಸೇರಿರ್ತದಲ್ಲ."

"ಅವೆಲ್ಲ ನಂಗ್ ಬ್ಯಾಡ. ಬರೇ ಮಾತು ಕೊಡ್ರಿ."

"ಬರೇ ಮಾತು ಯಾರೂ ಮಾರಲ್ಲ ಈಗ."

"ಉಪ್ಪು ಕೇಳಿದ್ರೆ ಬೆಲ್ಲಾನೂ ಕಟ್ಟಿ ಕೊಡೋ ಯಾಪಾರ ಇದು. ಹೋಗ್ಲಿ, ಕಂಪನಿಯೋರ ತಿಂಗ್ಳು ನಮ್ ತಿಂಗ್ಳಿಗಿಂತ ಗಿಡ್ಡ ಯಾಕೈತೆ?"

ಸಾಬರು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. "ಮೆಲ್ಲಗೆ ಮಾತಾಡಿ. ಅಂಗಡಿ ಓನರ್‌ಗೆ ಗೊತ್ತಾದ್ರೆ ಬಾಡಿಗೇನೂ ಆ ತಿಂಗಳ ಲೆಕ್ಕದಲ್ಲೇ ಕೇಳ್ತಾನೆ."

ಎಷ್ಟು ಬೇಕಾದರೂ ಎಂಬ ಮಾತನ್ನು ನನ್ನ ತಮ್ಮ ನಂಬಲಿಲ್ಲ. ಊರಿಗೆ ಹೋದವನೇ ಪರೀಕ್ಷೆಗೆ ಇಳಿದ. ಮಧ್ಯಾಹ್ನ ಊಟ ಮಾಡಿ ನನಗೆ ಫೋನ್ ಹಚ್ಚಿ, ಅದನ್ನು ಮಗ್ಗದ ಪಕ್ಕ ಇಟ್ಟು ನೇಯಲು ಕೂತ. "ನೀನೂ ಕಟ್ ಮಾಡಬ್ಯಾಡಕ್ಕ. ಅವರಾಗೇ ಕಟ್ ಮಾಡ್ತಾರಾ ನೋಡಾನ." ನಾನು ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು ನನ್ನ ಕೆಲಸ ನೋಡಿಕೊಂಡೆ. ಇಳಿಹೊತ್ತಿನವರೆಗೂ ಟಕ್ ಟಕ್ ಟಕ್. ನಡುವೆ ಅವನು ಹೆಂಡತಿಗೆ ಬೈದದ್ದೂ ಕೇಳಿಸಿತು, ಅವಳು ಅವನಿಗೆ ಅದರ ಎರಡರಷ್ಟು ಬೈದದ್ದೂ ಕೇಳಿಸಿತು. ಹೀಗೆ ಒಂದೊಂದು ದಿನ ಒಂದೊಂದು ದಾರ. ಹಳದಿ ನಡುವೆಯೇ ಕೈಕೊಟ್ಟಿತು, ಹಸಿರಿನಲ್ಲಿ ಗೊರಗೊರ ಸದ್ದು, ಬಿಳಿ ಕೊನೆಯವರೆಗೂ ನಿಂತಿತು. ಅವನ ಹೆಂಡತಿ ಮಾತ್ರ ಮೂರರಲ್ಲೂ ಸ್ಪಷ್ಟವಾಗಿ ಕೇಳಿಸಿದಳು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನನ್ನ ಮೊಮ್ಮಗಳಿಗೆ ಗಂಡು ನೋಡಲು ಶುರು ಮಾಡಿದಾಗ ಈ ಹುಚ್ಚು ನಮ್ಮ ಮನೆಯೊಳಗೆ ಕಾಲಿಟ್ಟಿತು. ಅವನು ನನ್ನ ಮಗನಿಗೆ ಸೋದರಮಾವ. ಮಾವ ಬೇಡ ಅಂದರೆ ನನ್ನ ಮಗ ಬೇಕು ಅನ್ನುವವನಲ್ಲ.

ಮೊದಲನೆಯ ಸಂಬಂಧ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಕಡೆಯದು. ಸುತ್ತ ಬಂಡೆ, ನಡುವೆ ದೊಡ್ಡ ಮನೆ. ನಾವೆಲ್ಲ ಚಾಪೆಯ ಮೇಲೆ ಕೂತಿದ್ದರೆ ಇವನು ಫೋನುಗಳನ್ನು ತಲೆಯ ಮೇಲೆ ಎತ್ತಿ ಹಿಡಿದು ಕೋಣೆಯಿಂದ ಕೋಣೆಗೆ ಓಡಾಡತೊಡಗಿದ. ಹುಡುಗನ ಅಜ್ಜಿಗೆ ಕನಿಕರವಾಯಿತು. ಏನು ಕಳೆದುಹೋಯಿತಪ್ಪ ಅಂತ ತೆಲುಗಿನಲ್ಲಿ ಕೇಳಿದರು. "ಏಮಿ ಪೋಯಿಂದಿ ನಾಯನಾ?"

"ಟವರ್ ಪೋಯಿಂದಿ ಅವ್ವಾ."

ಮಾಳಿಗೆ ಹತ್ತಿದರೆ ಸಿಗುತ್ತದೆ ಎಂದರು ಆ ಮನೆಯವರು. ಅಲ್ಲಿಗೆ ಆ ಸಂಬಂಧ ಮುಗಿಯಿತು. "ಮಾಳಿಗೆ ಮೇಲೆ ನಿಂತು ಮಾತಾಡಿದ್ರೆ ಊರಿಗೆಲ್ಲ ಕೇಳ್ತೈತೆ" ಎಂದ. ಹುಡುಗಿ ಮೆಸೇಜ್ ಮಾಡುತ್ತಾಳೆ ಬಿಡು ಎಂದೆ. "ಮೆಸೇಜಿನಾಗೆ ಎಲ್ರೂ ಚೆನ್ನಾಗೇ ಇರ್ತಾರಕ್ಕ" ಎಂದ. ಅವನ ಬುದ್ಧಿಗೆ ಮಂಕು ಬಡಿದಿದೆ ಅಂದುಕೊಂಡೆ.

ಎರಡನೆಯದು ತಳಕಿನ ಆಚೆಗಿನ ಒಂದು ಹಳ್ಳಿ. ಹುಡುಗ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು, ಹೆಣ್ಣು ನೋಡಲು ಬಂದಾಗಲೇ ಮೊಮ್ಮಗಳಿಗೆ ಹಿಡಿಸಿದ್ದ. ಆಮೇಲೆ ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡದ್ದು ನನಗೆ ಗೊತ್ತಿಲ್ಲ ಅಂತ ಅವಳು ತಿಳಿದಿದ್ದಾಳೆ. ನಾವು ಗಂಡಿನ ಮನೆ ನೋಡಲು ಹೊರಟ ದಿನ ಅವಳು ನನ್ನ ತಮ್ಮನ ಮುಂದೆ ಬಂದು ನಿಂತಳು.

"ತಾತ, ಈ ಸಲ ಫೋನ್ ಇಲ್ಲೇ ಇಟ್ಟು ಹೋಗು."

"ಮೂರ್ನೂ?"

"ಮೂರ್ನೂ."

"ಅಷ್ಟು ಹಿಡಿಸ್ಬಿಟ್ನಾ ಅವ್ನು?"

ಕಾಲ ಬೆರಳಲ್ಲಿ ನೆಲ ಕೆರೆಯುವ ಕಾಲದ ಹುಡುಗಿಯಲ್ಲ ಅವಳು. ನೆಟ್ಟಗೆ ಅವನ ಮುಖ ನೋಡಿ ಹೂಂ ಅಂದಳು. ಅಂದದ್ದೇ ಕಣ್ಣು ತುಂಬಿತು. ಅವನು ಮೂರೂ ಫೋನನ್ನು ಟಿವಿಯ ಪಕ್ಕ ಇಟ್ಟ. ನನಗೂ ಜೀವ ಬಂತು. ಬಸ್ಸಿನಲ್ಲಿ ಕೂತ ಮೇಲೆ ನನ್ನ ಕಡೆ ಬಗ್ಗಿದ.

"ಅಕ್ಕ, ಸಿಮ್ ಮೂರೂ ಜೇಬಲ್ಲವೆ. ನಿನ್ ಫೋನ್ ಕೊಡು."

ಆ ಮನೆಯಲ್ಲಿ ಉಪ್ಪಿಟ್ಟು ಕೊಟ್ಟರು. ನಾವು ಕೈ ತೊಳೆಯುವಷ್ಟರಲ್ಲಿ ಇವನು ಅಡಿಗೆ ಮನೆ ಸೇರಿದ್ದ. ನಾನು ಹೋಗಿ ನೋಡಿದರೆ ನನ್ನ ಫೋನಿನ ಬ್ಯಾಟರಿ ಅವರ ರೊಟ್ಟಿ ಹಂಚಿನ ಮೇಲಿದೆ, ಮುಚ್ಚಳ ಒಗ್ಗರಣೆ ಸೌಟಿನ ಪಕ್ಕ. ಹಂಚು ತಣ್ಣಗಿದ್ದದ್ದು ಪುಣ್ಯ. ನನ್ನ ಹಿಂದೆಯೇ ಹುಡುಗನ ತಾಯಿಯೂ ಬಂದರು.

"ಏನ್ ನೋಡ್ತಿದೀರಣ್ಣ? ಗ್ಯಾಸ್ ಐತೆ, ಮಿಕ್ಸಿ ಐತೆ, ನಲ್ಲಿ ಒಳಗೇ ಐತೆ."

"ಅವೆಲ್ಲ ಎಲ್ರ ಮನ್ಯಾಗೂ ಇರ್ತವೆ ಬಿಡವ್ವ. ಟವರ್ರೇ ಇಲ್ವಲ್ಲ. ಹಳದಿ ಹಾಕಿದೆ, ಹಸಿರು ಹಾಕಿದೆ, ಬಿಳೀನೂ ಆಡವಲ್ದು."

"ಅಂಗಳಕ್ಕೆ ಬಂದ್ರೆ ಚೆನ್ನಾಗಿ ಬರ್ತೈತಲ್ಲ."

"ಅಂಗಳದಾಗೆ ಎಲ್ಲಾ ಹೆಣ್ಮಕ್ಳೂ ಚೆನ್ನಾಗಿದೀನಿ ಅಂತಾರೆ ಕಣವ್ವ. ಅಳೋದು ಅಡಿಗೆ ಮನ್ಯಾಗೆ."

"ಲೇ, ಸಾಕು ಬಾರೋ" ಎಂದೆ ನಾನು.

"ನೀನ್ ಸುಮ್ನಿರಕ್ಕ. ಮದ್ವೆ ಆದ ವರ್ಷ ಯುಗಾದಿಗೆ ಬಂದಾಗ ನಿನ್ ಕಣ್ಣು ಹೆಂಗಾಗಿದ್ವು? ಅವ್ವ ಕೇಳಿದ್ರೆ ಒಲೆ ಹೊಗೆ ಅಂದೆ."

"ಹೊಗೇನೇ ಕಣೋ. ಸೌದೆ ಹಸೀವು."

"ಆಗ್ಲೂ ಇದನ್ನೇ ಅಂದಿದ್ದೆ."

ಸೌದೆ ಹಸಿಯಿದ್ದದ್ದು ಸುಳ್ಳಲ್ಲ. ಹುಡುಗನ ತಾಯಿ ನನ್ನನ್ನೇ ನೋಡುತ್ತಿದ್ದರು. ಸಂಬಂಧ ಮುರಿಯಿತು, ಮನೆಯಲ್ಲಿ ಕಾಯುತ್ತಿರುವ ಹುಡುಗಿಗೆ ಯಾವ ಮುಖ ತೋರಿಸುವುದು ಅಂತ ನಾನು ಲೆಕ್ಕ ಹಾಕುತ್ತಿದ್ದೆ.

ಆಕೆ ಮೂಲೆಗೆ ಹೋಗಿ ರಾಗಿ ಹಿಟ್ಟಿನ ದೊಡ್ಡ ಡಬ್ಬವನ್ನು ಪಕ್ಕಕ್ಕೆ ಸರಿಸಿದರು. ಅದರ ಹಿಂದೆ ಒಂದು ಮಣೆ ಇತ್ತು, ಕೂತು ಕೂತು ನುಣುಪಾಗಿತ್ತು.

"ಇಲ್ಲಿ ಕೂತ್ಕಳ್ರಣ್ಣ. ನಿಂತ್ರೆ ಬರಲ್ಲ, ಕೂತ್ರೆ ಬರ್ತೈತೆ. ನಾನು ನಮ್ಮಕ್ಕನ ಹತ್ರ ಮಾತಾಡೋದು ಇಲ್ಲೇ. ನಮ್ಮನೆಯೋರಿಗೂ ಗೊತ್ತಿಲ್ಲ."

ನನ್ನ ತಮ್ಮ ಫೋನಿಗೆ ಬ್ಯಾಟರಿ ಹಾಕಿ ಕೂತ. ಒತ್ತಿದ. ನಡುಮನೆಯಲ್ಲಿ ನನ್ನ ಮಗನ ಫೋನ್ ಬಡಿದುಕೊಂಡಿತು. ಇವನು ಎದ್ದು, ತನಗಿಂತ ಚಿಕ್ಕವರಾದ ಆ ಹೆಂಗಸಿಗೆ ಎರಡೂ ಕೈ ಮುಗಿದು, "ದಿನ ಗೊತ್ತು ಮಾಡ್ರಿ" ಎಂದ.

ಮದುವೆಯಾಯಿತು. ಗಂಡನ ಮನೆಗೆ ಹೋದ ವಾರದೊಳಗೇ ಮೊಮ್ಮಗಳ ಫೋನು ಬಂತು. ಊಟ ಆಯ್ತಾ ಅಜ್ಜಿ, ಮಂಡಿ ನೋವು ಹೆಂಗೈತೆ, ಇಷ್ಟು ಕೇಳಿ ಸುಮ್ಮನಾದಳು. ಮುದ್ದು ಮಾಡಿ ಮಾತು ತೆಗೆಸುವವಳು ನಾನಲ್ಲ. ಫೋನ್ ಕಿವಿಗೆ ಹಿಡಿದುಕೊಂಡೇ ಇದ್ದೆ. ಕುಕ್ಕರ್ ಕೂಗಿತು. ಅವಳ ಅತ್ತೆಯ ದನಿ ಕೇಳಿಸಿತು: "ಅಜ್ಜಿನೇನೇ? ಮಾತಾಡು, ಮಾತಾಡು. ಸಾರು ಆಮೇಲೆ ಮಾಡಾನ." ಗ್ಯಾಸ್ ಆರಿಸಿದ ಸದ್ದು, ಆಕೆ ಬಾಗಿಲು ಮುಂದೆ ಎಳೆದುಕೊಂಡು ಹೊರಗೆ ಹೋದ ಸದ್ದು.

ಆಗ ಹುಡುಗಿ ಅತ್ತಳು. ಯಾರೂ ಏನೂ ಅಂದಿಲ್ಲವಂತೆ, ಎಲ್ಲರೂ ಒಳ್ಳೆಯವರಂತೆ, ಆದರೂ ಅಳು ಬರುತ್ತದಂತೆ. ಸುಮ್ಮನಿರು ಅಂತ ನಾನು ಹೇಳಲಿಲ್ಲ. ಅತ್ತು ಮುಗಿಸಿ, ಮೂಗು ಏರಿಸಿಕೊಂಡು ಕೇಳಿದಳು.

"ಅಜ್ಜಿ, ನಿಂಗೂ ಹಿಂಗೇ ಆಗಿತ್ತಾ?"

ನಮ್ಮ ಅವ್ವ ಕೇಳಿದಾಗ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ.

"ಮಣೆ ಮೇಲೆ ಸರ್ಯಾಗಿ ಕೂತ್ಕ, ಹೇಳ್ತೀನಿ" ಎಂದೆ.