ರೋಣದ ಡಿಸ್ಕು, ಗಜೇಂದ್ರಗಡದ ಡಿಸ್ಕು

ಫೋಟೋ ಸ್ಟುಡಿಯೋ ಇಟ್ಟಾವನ ಹಣೇಬರಾ ಹ್ಯಾಂಗಂದ್ರ, ಮಂದಿ ಎಲ್ಲಾ ಮದುವಿ ದಿನಾ ನಗತಾರ, ಅಂವಾ ಮದುವಿ ಮುಗದ ಮ್ಯಾಲ ನಗಬೇಕು. ಒಂದ ಫಜೀತಿ ಮುಗೀತಪಾ ಅನ್ನೂದ್ರಾಗ ಇನ್ನೊಂದು ಬಾಗಲದಾಗ ನಿಂತಿರತೈತಿ.

ರೋಣದಾಗ ನಂದೊಂದು ಅಂಗಡಿ, ಗಜೇಂದ್ರಗಡದಾಗ ನಮ್ಮ ಮಾಮಾಂದೊಂದು. ಮಾಮಾ ಅಂದ್ರ ನಮ್ಮವ್ವನ ತಮ್ಮ, ನನ್ನ ಕೈಯಾಗ ಮದಲ ಕ್ಯಾಮರಾ ಕೊಟ್ಟಾಂವ. ಒಮ್ಮೆ ಅಂವನ ಡಿಸ್ಕು ಕೆಟ್ಟು ಯಾರದೋ ಲಗ್ನದ ಫೋಟೋ ಅಷ್ಟೂ ಹೋದ್ವು. ಆ ಹುಡುಗಿ ಅಂಗಡಿ ಪಾವಟಿಗಿ ಮ್ಯಾಲ ಕುಂತು ಅತ್ತಳು. ಮಾಮಾನೂ ಬಾಜೂಕ ಕುಂತು ಅತ್ತ. ಅವತ್ತಿನಿಂದ ಅಂವನ ಕಾಯ್ದೆ ಒಂದ: ಎರಡ ಊರಾಗ ಎರಡ ಡಿಸ್ಕು, ಎರಡರಾಗೂ ಒಂದ ಸಮ ಫೋಟೋ. ಇನ್ನಮ್ಯಾಲ ಯಾರ ಮಕಾನೂ ಕಳೀಬಾರದು.

ವಾರಕ್ಕೊಮ್ಮೆ ಡಿಸ್ಕನ್ನ ಟವೆಲ್‌ನ್ಯಾಗ ಸುತ್ತಿ, ಬುತ್ತಿ ಡಬ್ಬಿ ಜೋಡಿ ಚೀಲದಾಗ ಇಟಗೊಂಡು, ಬಸ್ ಹತ್ತಿ ರೋಣಕ್ಕ ಬರತಿದ್ದ. ಎಲ್ಲಾ ಫೋಟೋ ಹೊಸದಾಗಿ ಕಾಪಿ ಮಾಡಕೋತ ಕುಂತ್ರ ಸಂಜಿ ಬಸ್ ತಪ್ಪತಿತ್ತು. ಅದಕ್ಕ ಎರಡೂ ಡಿಸ್ಕಿನ ಫೋಲ್ಡರ್ ಹೋಲಿಸಿ, ಆ ವಾರ ಬದಲಾಗಿದ್ದಷ್ಟ ಇತ್ಲಾಗಿಂದ ಅತ್ಲಾಗ ಹಾಕತಿದ್ವಿ. ಊರಿಗೊಂದ ಫೋಲ್ಡರ್, ಅದರಾಗ ಮನಿತನಕ್ಕೊಂದು, ಮತ್ತ ಅದರಾಗ ಕಾರ್ಯಕ್ಕೊಂದು. ಈಗ ಮಾಮಾ ಇಲ್ಲ. ಫೋಟೋನೂ ತಾವ ಎಲ್ಲೋ ಮ್ಯಾಲ ಹೋಗಿ ಕುಂದರತಾವು, ಬಸ್ ಬೇಕಿಲ್ಲ, ಬುತ್ತಿ ಬೇಕಿಲ್ಲ. ಖರೇ ಹೇಳಬೇಕಂದ್ರ, ಅಂವಾ ಬರತಿದ್ದ ದಿನಾ ಬಂತಂದ್ರ ಇನ್ನೂ ನನ್ನ ಕಿವಿ ಗಜೇಂದ್ರಗಡದ ಬಸ್ಸಿನ ಕಡೇನ ಇರತೈತಿ.

ತೂಕದ ಲೆಕ್ಕ

ಮಾಮಾ ಫೋಟೋ ತಗ್ಯಾಕ ಬರೂಕಿಂತ ಮದಲ ಅಡತಿ ಅಂಗಡ್ಯಾಗ ಕಾಳಿನ ಚೀಲಾ ತೂಗತಿದ್ದ. ಕಂಪ್ಯೂಟರ್ ಮುಂದ ಕುಂತರೂ ಅದ ಪದ್ಧತಿ. ಎರಡೂ ಡಿಸ್ಕಿನ ಒಟ್ಟ ಸೈಜ್ ನೋಡತಿದ್ದ. ಸಮ ಬಂದ್ರ, "ಮಾಲ ಸರಿ ಐತಿ ಅಳ್ಯಾ, ಚಾ ತರಸು" ಅಂತಿದ್ದ.

ಒಂದ ವಾರ ನಾ ಗಡಿಬಿಡ್ಯಾಗ ಸವಡಿಯವ್ರ ಕೂಸಿನ ತೊಟ್ಟಲ ಕಾರ್ಯದ ಫೋಟೋ ಎತ್ತಿ ಪುರ್ತಗೇರಿಯವ್ರ ಫೋಲ್ಡರ್‌ನ್ಯಾಗ ಹಾಕಿಬಿಟ್ಟಿದ್ದೆ. ಈ ಮೂಲಿ ಚೀಲಾ ಆ ಮೂಲಿಗೆ ಸರಿಸಿದ್ರ ತೂಕೇನು ಹೆಚ್ಚು ಕಡಿಮಿ ಆಗತೈತಿ? ಸಮ ಬಂತು. ಮಾಮಾ ಚಾ ಕುಡದು ಬಸ್ ಹತ್ತಿದ. ಪುರ್ತಗೇರಿಯವ್ರ ಆಲ್ಬಮ್ಮಿನಾಗ ಸವಡಿ ಕೂಸು ಹೋಗಿ ಕುಂತಿತು.

ಪುರ್ತಗೇರಿ ಮನಿ ಹಿರ್ಯಾಕಿ ಆಲ್ಬಮ್ ಹಿಡಕೊಂಡು ಅಂಗಡಿಗೆ ಬಂದ್ಲು. "ಇದು ನಮ್ಮ ಕೂಸಲ್ಲಪಾ."

"ತಪ್ಪಾತಬೇ ಯಮ್ಮಾ. ಫೋಟೋ ಬದಲಿ ಮಾಡಿ ಕೊಡತೀನಿ."

"ಫೋಟೋ ಬ್ಯಾಡೋ ತಮ್ಮಾ. ನಮ್ಮದು ಹಗಲೂ ರಾತ್ರಿ ಅಳತೈತಿ. ಇದು ನೋಡು, ಹ್ಯಾಂಗ ನಗಾಕ ಹತ್ತೈತಿ! ಫೋಟೋ ಇದ ಇರ್ಲಿ, ಆದ್ರ ಮನ್ಯಾಗಿಂದು ಬದಲಿ ಮಾಡಿ ಕೊಡು."

ಬಾಗಲದ ತಾರೀಖು

ಆಮ್ಯಾಲ ನಾ ಶ್ಯಾಣ್ಯಾ ಆದೆ. "ಮಾಮಾ, ತೂಕ ಬಿಡು. ಫೋಲ್ಡರಿನ ತಾರೀಖು ನೋಡೂಣು. ತಾರೀಖು ಹಳೇದಿತ್ತಂದ್ರ ಒಳಗ ಏನೂ ಬದಲಾಗಿಲ್ಲ, ದಾಟಿ ಮುಂದ ಹೋಗೂದು" ಅಂದೆ. ಮಾಮಾ, "ಓದಿದಾವ್ರ ಮಾತ ಬ್ಯಾರೇನಪಾ" ಅಂದ. ಕೆಲಸಾ ಎಷ್ಟ ಲಗೂ ಮುಗೀತಂದ್ರ, ಕುಂತು ಬುತ್ತಿ ಬಿಚ್ಚಿ ಸಮಾಧಾನದ್ಲೆ ಉಂಡ್ವಿ. ಬುತ್ತಿಯೊಳಗ ಅತ್ತಿ ಮಾಡಿದ ಕಟಕ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಅಂಥಾ ಊಟ ಈಗ ಎಲ್ಲಿ ಹುಡುಕ್ಲಿ?

ನನಗ ತಿಳೀಲಾರದ್ದು ಏನಂದ್ರ, ಫೋಲ್ಡರಿಗೆ ಹೊಸ ಫೋಟೋ ಬಂದ್ರ, ಹಳೇದು ಹೋದ್ರ ಅಷ್ಟ ಅದರ ತಾರೀಖು ಬದಲಾಗತೈತಿ. ಒಳಗಿದ್ದ ಫೋಟೋನ ತಿದ್ದಿದ್ರ ಅದಕ್ಕ ಸುದ್ದೀನೂ ಇರೂದಿಲ್ಲ. ಆ ವಾರ ನಾ ಒಂದ ಸಾಲಿ ಗ್ರೂಪ್ ಫೋಟೋ ತಿದ್ದಿದ್ದೆ. ಹೆಡ್‌ಮಾಸ್ತರು ಕಣ್ಣ ಮುಚ್ಚಿದ್ರು, ಇನ್ನೊಂದ ಫೋಟೋದಾಗಿನ ಕಣ್ಣ ತಂದು ಹಚ್ಚಿದ್ದೆ. ನನ್ನ ಡಿಸ್ಕಿನಾಗ ಕಣ್ಣ ತೆರದ್ವು, ಮಾಮಾನ ಡಿಸ್ಕಿನಾಗ ಮುಚ್ಚೇ ಇದ್ವು. ದೊಡ್ಡ ಫ್ರೇಮ್ ಮಾಡಿಸಿದ್ದು ಮಾಮಾನ ಅಂಗಡ್ಯಾಗ.

ಹೆಡ್‌ಮಾಸ್ತರು ಬಂದು ಹೇಳಿದ್ರು, "ತಮ್ಮಾ, ನಾ ಕಣ್ಣ ಮುಚ್ಚಿದ್ದು ಒಂದ ಗಳಿಗಿ. ನೀವು ಅದನ್ನ ಗ್ವಾಡಿಗೆ ಹಾಕಿ ಕಾಯಂ ಮಾಡಿದ್ರಿ. ತಪಾಸಣಿಗೆ ಬಂದಾವ್ರು ಫೋಟೋ ನೋಡತಾರ, ನನ್ನ ನೋಡತಾರ, 'ಹೌದ್ರಿ, ಕೇಳಿದ್ವಿ' ಅಂತಾರ."

ಮಾಮಾ ನನಗಂದ, "ಬೀಗರ ಮನಿ ಬಾಗಲಾ ನೋಡಿ, ಒಳಗ ಎಲ್ಲಾರೂ ಆರಾಮ ಅದಾರ ಅಂದಂಗಾತಲ್ಲೋ ಅಳ್ಯಾ ನಿನ್ನ ಶ್ಯಾಣ್ಯಾತನ!"

ಹುಟ್ಟೂಕಿಂತ ಮದಲ ಲಗ್ನ

ಕಂಪ್ಯೂಟರಿನ ಒಳಗೊಂದು ಸಣ್ಣ ಬ್ಯಾಟರಿ ಇರತೈತಿ. ಅದು ಸತ್ರ ಗಡಿಯಾರ ಹಿಂದಕ್ಕ ಓಡತೈತಿ. ಮಾಮಾನ ಅಂಗಡ್ಯಾಗ ಹಂಗಾಗಿ, ನಿನ್ನೆ ಆದ ಲಗ್ನದ ಫೋಟೋಕ್ಕ ಯಾವದೋ ಹಳೇ ಕಾಲದ ತಾರೀಖು ಬಿದ್ದಿತು. ಮದುಮಗ ಹೆಂಡತೀನ ಕರಕೊಂಡು ಫೋಟೋ ಆರಸಾಕ ಬಂದಿದ್ದ. ತಾರೀಖು ನೋಡಿ ನಕ್ಕ.

"ಅಣ್ಣಾರ, ಈ ತಾರೀಖಿಗೆ ನಾ ಇನ್ನೂ ಹುಟ್ಟೇ ಇಲ್ಲ. ಹಂಗಾದ್ರ ಈ ಲಗ್ನ ನಂದಲ್ಲ ಬಿಡ್ರಿ!"

ಹೆಂಡತಿ ಅಂವನ ಮಕಾ ನೋಡಲಿಲ್ಲ, ಮಾಮಾನ ಕಡೆ ತಿರಗಿದ್ಲು. "ಮಾಮಾರ, ತಾರೀಖು ತಿದ್ದಬ್ಯಾಡ್ರಿ. ಹುಟ್ಟಲಾರದಾವ್ರಿಗೆ ಇವತ್ತ ಮನ್ಯಾಗ ಊಟಾನೂ ಇರೂದಿಲ್ಲ."

ಬಾಳಿ ಕಂಬದ ಕೈ

ಕಡೀಕ ನಾವಿಬ್ರೂ ಬುದ್ಧಿ ಕಲತ್ವಿ. ಮದಲ ಹೆಸರು, ಆಮ್ಯಾಲ ಸೈಜು, ಆಮ್ಯಾಲ ಒಂದೊಂದ ಫೋಟೋದ ತಾರೀಖು. ಇಷ್ಟೂ ಸಮ ಇದ್ರ ಬಿಡೂದು, ಸಮ ಇರದಿದ್ರ ಹೊಸದನ್ನ ಹಳೇದರ ಮ್ಯಾಲ ಹಾಕೂದು. ಈ "ಹೊಸದ ಗೆಲ್ಲತೈತಿ" ಅನ್ನೂ ಕಾಯ್ದೇನ ನಮ್ಮನ್ನ ಮುಳಗಸಾಕ ಬಂದಿತ್ತು.

ನರಗುಂದದ ಒಬ್ಬಾಕಿ ತನ್ನ ಮಗಳನ್ನ ಗಜೇಂದ್ರಗಡಕ್ಕ ಕೊಟ್ಟಿದ್ಲು. ಗಂಡ ಇರಲಿಲ್ಲ. ಅಕಿ ಅಣ್ಣ ಮುಂದ ನಿಂತು ಲಗ್ನ ಮಾಡಿದ್ದ. ಊಟದಾಗ ಹುಡುಗನ ಅಪ್ಪ ಹೋಳಿಗಿಗೆ ಮತ್ತೊಮ್ಮೆ ತುಪ್ಪಾ ಕೇಳಿದ್ನಂತ. ನೀಡಾಕ ನಿಂತಿದ್ದ ಅಕಿ ಅಣ್ಣ, "ಹೋಳಿಗಿ ಮುಳಗಿ ಹೋಗೈತ್ರಿ ಬೀಗರ, ಇನ್ನ ಈಸಾಡಾಕ ಬೇಕೇನು?" ಅಂದ. ಪಂಕ್ತಿಗೆ ಪಂಕ್ತೀನ ನಕ್ಕಿತು. ಬೀಗ ಎಲಿ ಬಿಟ್ಟ ಎದ್ದ.

ತಾಯಿ ನನ್ನ ಅಂಗಡಿಗೆ ಬಂದು, "ನಮ್ಮಣ್ಣನ ಮಕಾ ಚಂದಂಗ ಕಾಣಬೇಕ್ರಿ. ಅಪ್ಪನ ಜಾಗಾದಾಗ ನಿಂತಾನ. ಈ ಫೋಟೋ ನನ್ನ ಮಗಳ ಮನ್ಯಾಗ ಇರಬೇಕು" ಅಂದ್ಲು. ಮಂಟಪದ ಗ್ರೂಪ್ ಫೋಟೋದಾಗ ಅಂವನ ಮಕಕ್ಕ ಬೆಳಕ ಹಾಕಿದೆ. ಮುಂದಿನ ವಾರ ಮಾಮಾ ಬಂದು ಹೋದ ಮ್ಯಾಲ ನೋಡತೀನಿ, ಅಣ್ಣ ಇಲ್ಲ! ಅಂವಾ ನಿಂತಲ್ಲಿ ಬಾಳಿ ಕಂಬ ನಿಂತೈತಿ. ನನ್ನ ಕೈಯಾಗಿಂದನ ಏನರ ತಪ್ಪಾಗಿರಬೇಕಂತ, ಕ್ಯಾಮರಾ ಕಾರ್ಡಿನಾಗಿಂದ ಮತ್ತ ತಂದು, ಬೆಳಕ ಹಾಕಿ ಇಟ್ಟೆ. ಮರು ವಾರ ಅಣ್ಣ ಇದ್ದ, ಅದರ ಮುಂದಿನ ವಾರ ಮತ್ತ ಬಾಳಿ ಕಂಬ. ಮತ್ತ ತಂದು ಹಾಕಿದೆ. ಆಮ್ಯಾಲ ಆ ಕಾರ್ಡಿನ ಮ್ಯಾಲ ಬ್ಯಾರೆ ಲಗ್ನ ತಗದೆ. ಇನ್ನ ಹೋದ್ರ ಹೋದಂಗ, ಅಂವನ್ನ ತರಾಕ ಎಲ್ಲಿಂದೂ ಆಗತಿದ್ದಿಲ್ಲ. ನಿದ್ದಿ ಹಾರಿ ಹೋತು.

ಮಾಮಾ ಬಂದ ಕೂಡಲೆ ಕೈ ಮುಗದೆ. "ಮಾಮಾ, ಇವತ್ತ ಬಸ್ ತಪ್ಪಿದ್ರ ತಪ್ಪಲಿ. ಕಾಪಿ ಮಾಡೂದ ಬ್ಯಾಡ. ಎರಡೂ ಡಿಸ್ಕಿನ ಫೋಟೋ ಒಳಗ ಹೊಕ್ಕು ಓದಿ ಹೋಲಸೂಣು." ಕಂಪ್ಯೂಟರ್ ಒಂದೊಂದ ಫೋಟೋ ಅಕ್ಷರ ಬಿಡದ ಓದಿತು. ಸಮ, ಸಮ, ಸಮ. ಕಡೀಕ ಒಂದ ಒಂದು ಬ್ಯಾರೆ ಬಂತು. ಎರಡನ್ನೂ ಬಾಜೂಕ ಬಾಜೂಕ ತೆರದ್ವಿ. ನನ್ನದ್ರಾಗ ಅಣ್ಣ, ಮಾಮಾಂದ್ರಾಗ ಬಾಳಿ ಕಂಬ.

ಮಾಮಾ ಹಣಿ ಬಡಕೊಂಡ. "ಅಯ್ಯ ಇವನ! ಮತ್ತ ಬಂದ್ನ? ಮ್ಯಾಲಿಂದ ಮ್ಯಾಲ ತಗೀತೀನಿ, ಎಲ್ಲಿಂದ ಬಂದು ನಿಂದರತಾನ ಅಂತೀನಿ!"

"ತಗದಾಂವ ನೀನಾ? ಮ್ಯಾಲಿಂದ ಮ್ಯಾಲ ನಿಂದರಸಾಂವ ನಾನ!"

ಹುಡುಗನ ಅಪ್ಪ ಮಾಮಾನ ಹಂತೇಕ ಹೋಗಿ, "ಆ ತುಪ್ಪದ ಮನಶಾ ನಮ್ಮ ಆಲ್ಬಮ್ಮಿನಾಗ ಇರಬಾರದು" ಅಂದಿದ್ದ. ಇಬ್ಬರೂ ಗಿರಾಕಿನ. ಮಾಮಾ ತೀರ್ಪು ಕೊಟ್ಟ: ನರಗುಂದದ ಆಲ್ಬಮ್ಮಿನಾಗ ಅಣ್ಣ ಇರ್ಲಿ, ಗಜೇಂದ್ರಗಡದ್ರಾಗ ಬಾಳಿ ಕಂಬ. ನನಗ ಸಮಾಧಾನ ಆಗಲಿಲ್ಲ. ಆ ತಾಯಿ ಕೇಳಿದ್ದು ತನ್ನ ಮನಿಗಲ್ಲ, ಮಗಳ ಮನಿಗೆ.

ಪಂಚಮಿ ಬಂತು. ಹಬ್ಬಕ್ಕ ಮಗಳನ್ನ ಕರಿಯಾಕ ಆ ತಾಯಿ ಅಣ್ಣ ಬರಬೇಕಾಗಿತ್ತು, ಜಗಳದ ಸಲವಾಗಿ ತಾಯಿ ಒಬ್ಬಾಕಿನ ಶೇಂಗಾ ಉಂಡಿ ಕಟಗೊಂಡು ಬಂದ್ಲು. ಆಲ್ಬಮ್ ಕೊಡೂದಿತ್ತಂತ ನಾನೂ ಮಾಮಾನ ಅಂಗಡಿಗೆ ಹೋಗಿದ್ದೆ. ಬೀಗ, ಸೊಸಿ, ತಾಯಿ ಮೂವರೂ ಕುಂತು ಹಾಳಿ ತಿರವಿದ್ರು. ಆ ಫೋಟೋ ಬಂತು. ತಾಯಿ ಬಾಳಿ ಕಂಬ ನೋಡಿದ್ಲು, ಸೆರಗಿನ್ಯಾಗ ಮಕಾ ಒರಸಿಕೊಂಡ್ಲು. ನನಗ ಅಲ್ಲಿ ನಿಂದರಾಕ ಆಗಲಿಲ್ಲ. ಬೀಗನೂ ತೆಳಗ ಮಕಾ ಹಾಕಿದ.

ಆಗ ಸೊಸಿ ಫೋಟೋದ ಮ್ಯಾಲ ಬೆರಳಿಟ್ಟು ಕೇಳಿದ್ಲು, "ಮಾವಾರ, ನಿಮ್ಮ ಹೆಗಲ ಮ್ಯಾಲ ಈ ಕೈ ಯಾರದ್ರಿ?"

ಎಲ್ಲಾರೂ ಬಗ್ಗಿ ನೋಡಿದ್ವಿ. ಫೋಟೋ ತಗಿಯೂ ಹೊತ್ತಿಗೆ ಇನ್ನೂ ಜಗಳ ಆಗಿರಲಿಲ್ಲ, ಅಣ್ಣ ಬೀಗನ ಹೆಗಲ ಮ್ಯಾಲ ಕೈ ಹಾಕಿ ನಿಂತಿದ್ದ. ಮಾಮಾ ಮನಶಾನ್ನ ತಗದಿದ್ದ, ಕೈ ಮರತಿದ್ದ. ಬಾಳಿ ಕಂಬದಾಗಿಂದ ಒಂದ ದಪ್ಪ ಕೈ ಬಂದು ಬೀಗನ ಹೆಗಲ ಹಿಡಕೊಂಡಿತ್ತು.

ಮಾಮಾ ತೊದಲಿದ, "ಅದು... ಅದನ್ನೂ ತಗದಬಿಡತೀನ್ರಿ."

ಬೀಗ ಆ ಕೈ ನೋಡಿದ, ಸೆರಗ ಹಿಡದು ಕುಂತ ಬೀಗತೀನ ನೋಡಿದ. ತುಟಿ ಬಿಗಿ ಹಿಡದ, ಆಗಲಿಲ್ಲ, ಹೊಟ್ಟಿ ಅಳ್ಳಾಡೂವಂಗ ನಕ್ಕ. ನಕ್ಕೋತನ ಫೋನ್ ತಗದು ಸೊಸಿ ಕೈಯಾಗ ಕೊಟ್ಟ.

"ನಿಮ್ಮ ಸ್ವಾದರಮಾವಗ ಹಚ್ಚವಾ. ಕೈ ಆಗಲೇ ಬಂದು ನನ್ನ ಹೆಗಲ ಮ್ಯಾಲ ಕುಂತೈತಿ, ಬಾಯೀನೂ ಕಳಸು ಅನ್ನು, ಉಂಡಿ ತಿನ್ನಸೂಣು."